ಯೊಸೆಮಿಟಿ ಕಾಡಲ್ಲಿ ಎರಡು ರಾತ್ರಿ: ಧಾರವಾಡದಲ್ಲಿ ಕೂತು ಪರ್ಮಿಟ್ ಹಿಡಿದ ಕಥೆ

ವಿಮಾನದ ಟಿಕೆಟ್ ಮೊದಲು ತೆಗೆದು, ಆಮೇಲೆ ಪರ್ಮಿಟ್ ಹುಡುಕಲು ಕೂತವರು ನಾವು. ನೀವು ಹಾಗೆ ಮಾಡಬೇಡಿ. ಇದೊಂದು ಮಾತು ಓದಿ ಎದ್ದು ಹೋದರೂ ಅಡ್ಡಿ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ದೋಸ್ತನೂ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟು, ಊಟ, ಮಲಗುವ ಚೀಲ ಎಲ್ಲ ಬೆನ್ನ ಮೇಲೆ ಹೊತ್ತುಕೊಂಡು ಮೂರು ದಿನ ನಡೆದೆವು. ನಡೆದದ್ದು ಮೂರು ದಿನ, ಪರ್ಮಿಟ್‌ಗಾಗಿ ಒದ್ದಾಡಿದ್ದು ಆರು ತಿಂಗಳು. ತಮ್ಮ ಸ್ಯಾನ್ ಹೋಸೆಯಲ್ಲಿ ಇದ್ದಾನೆ, ಅವನಿದ್ದಾನಲ್ಲ ಎಲ್ಲ ಆಗುತ್ತೆ ಅಂತ ನಾವು ಧಾರವಾಡದಲ್ಲಿ ಆರಾಮ ಇದ್ದೆವು. ಅದೇ ಮೊದಲ ತಪ್ಪು.

ಅಲ್ಲಿ ಕಾಡಿನೊಳಗೆ ಹಗಲು ನಡೆದು ವಾಪಸ್ ಬರುವುದಕ್ಕೆ ಈ ಪರ್ಮಿಟ್ ಬೇಡ. ರಾತ್ರಿ ಉಳಿಯುವುದಾದರೆ ವರ್ಷದ ಎಲ್ಲ ದಿನವೂ ಬೇಕು. ಅದನ್ನ ಬುಕ್ ಮಾಡುವುದು ರಿಕ್ರಿಯೇಷನ್ ಡಾಟ್ ಗವ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ. ಭಾರತದಿಂದಲೇ ಖಾತೆ ತೆರೆಯಬಹುದು, ತೊಂದರೆ ಇಲ್ಲ. ಬೇಸಿಗೆಯ ತಿಂಗಳುಗಳಲ್ಲಿ ದಿನಕ್ಕೆ ಇಷ್ಟೇ ಜನ ಅಂತ ಕೋಟಾ ಇರುತ್ತದೆ. ಅದರಲ್ಲಿ 60 ಪರ್ಸೆಂಟ್ ಸೀಟು 24 ವಾರ ಮೊದಲೇ ಲಾಟರಿಯಲ್ಲಿ ಹೋಗುತ್ತದೆ. ಉಳಿದ 40 ಪರ್ಸೆಂಟ್ ಹೊರಡುವ ದಿನಕ್ಕೆ ಸರಿಯಾಗಿ 7 ದಿನ ಇದ್ದಾಗ ಬೆಳಿಗ್ಗೆ 7 ಗಂಟೆಗೆ ತೆರೆಯುತ್ತದೆ, ಮೊದಲು ಬಂದವರಿಗೆ ಮೊದಲು. ನಮ್ಮ ತತ್ಕಾಲ್ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿನ ಬೆಳಿಗ್ಗೆ 7 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ. ಇದನ್ನ ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಲಾಟರಿಯಲ್ಲಿ ಗಡಿಬಿಡಿ ಇಲ್ಲ. ಒಂದು ವಾರ ಪೂರ್ತಿ ಅರ್ಜಿ ತೆಗೆದುಕೊಳ್ಳುತ್ತಾರೆ, ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ಒಂದೇ. ಅರ್ಜಿಗೆ 10 ಡಾಲರ್, ಸಿಗಲಿ ಬಿಡಲಿ ಅದು ಹೋಯಿತು. ಸಿಕ್ಕರೆ ತಲೆಗೆ ಇನ್ನೂ 5 ಡಾಲರ್. ಸೋಮವಾರ ಫಲಿತಾಂಶ ಬರುತ್ತದೆ, ಗುರುವಾರದೊಳಗೆ ಒಪ್ಪಿಕೊಂಡು ದುಡ್ಡು ಕಟ್ಟಬೇಕು. ಹಾಗೆ ಒಪ್ಪಿಕೊಳ್ಳದೆ ಬಿಟ್ಟವರ ಸೀಟುಗಳು ಶುಕ್ರವಾರ ಅಲ್ಲಿನ ಬೆಳಿಗ್ಗೆ 9ಕ್ಕೆ, ನಮ್ಮ ರಾತ್ರಿ ಒಂಬತ್ತೂವರೆಗೆ, ಎಲ್ಲರಿಗೂ ತೆರೆಯುತ್ತವೆ. ಈ ಶುಕ್ರವಾರದ ವಿಷಯ ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಮಾರ್ಚ್ ಕೊನೆಯಲ್ಲಿ ತಮ್ಮ ಅವನ ಹೆಸರಲ್ಲೇ ಅರ್ಜಿ ಹಾಕಿದ, ನಸೀಬಿಗೆ ಸಿಕ್ಕೂ ಬಿಟ್ಟಿತು. ಮೂರು ಜನ, ಎಲ್ಲರೂ ಕೇಳುವ ಹ್ಯಾಪಿ ಐಲ್ಸ್ ದಾರಿ. ಜುಲೈನಲ್ಲಿ ಅವನ ಆಫೀಸಿನವರು ರಜೆ ಇಲ್ಲ ಅಂದರು. ಸರಿ, ನಾವಿಬ್ಬರೇ ಹೋಗ್ತೀವಿ ಅಂದರೆ ಹೋಗುವ ಹಾಗಿಲ್ಲ! ಪರ್ಮಿಟ್ ಯಾರ ಹೆಸರಲ್ಲಿ ಇದೆಯೋ ಅವರೇ ಫೋಟೋ ಇರುವ ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬೇಕು, ಅವರೇ ನಡೆಯಲೂ ಬೇಕು. ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಮುಂದಾಳಿನ ಜೊತೆಗೆ ಬದಲಿ ಮುಂದಾಳು ಅಂತ ಇನ್ನೊಬ್ಬರ ಹೆಸರು ಕೊಡಲು ಅವಕಾಶ ಇತ್ತು, ತಮ್ಮ ಅದನ್ನ ಖಾಲಿ ಬಿಟ್ಟಿದ್ದ. ಅರ್ಜಿ ತುಂಬುವಾಗಲೇ ಆ ಜಾಗ ತುಂಬಿಬಿಡಿ. ಒಬ್ಬರಿಗೆ ಜ್ವರ ಬರುತ್ತೆ, ಒಬ್ಬರಿಗೆ ವೀಸಾ ತಡ ಆಗುತ್ತೆ, ಇದೆಲ್ಲ ಇದ್ದದ್ದೇ ಅಲ್ವಾ?

ಹಾಗಾಗಿ ನಮಗೆ ಉಳಿದದ್ದು ಏಳು ದಿನ ಮೊದಲಿನ ತತ್ಕಾಲ್ ಒಂದೇ. ಟಿಕೆಟ್ ಆಗಿದೆ, ವೀಸಾ ಆಗಿದೆ, ದೋಸ್ತ ಹೊಸ ಬೂಟು ಹಾಕಿಕೊಂಡು ನೃಪತುಂಗ ಬೆಟ್ಟವನ್ನ ಬೆನ್ನ ಮೇಲೆ 12 ಕಿಲೋ ಅಕ್ಕಿ ಹೊತ್ತು ಹತ್ತಿ ಇಳಿದು ಮಾಡುತ್ತಿದ್ದಾನೆ, ಪರ್ಮಿಟ್ ಇಲ್ಲ. ನಮ್ಮ ಅವ್ವನಿಗೆ ಮಾತ್ರ ಇದು ಒಳ್ಳೆ ಸುದ್ದಿ. "ಅಲ್ಲೆ ಕರಡಿ ಅದಾವಂತ, ಸಿಗದಿದ್ರ ಛಲೋನ ಆತು ಬಿಡು" ಅಂದಳು.

ಮೊದಲ ಸಂಜೆ ಏಳೂವರೆಗೆ ಪಟ್ಟಿ ತೆರೆಯಿತು. ಹ್ಯಾಪಿ ಐಲ್ಸ್‌ಗೆ ಎರಡು ಸೀಟು ಕಂಡಿತು, ಒತ್ತಿದೆ, ಸಿಕ್ಕಿತು, ದುಡ್ಡು ಕಟ್ಟಲು ಹೋದರೆ ಕಾರ್ಡ್ ತಿರಸ್ಕಾರ. ನಮ್ಮ ಕಾರ್ಡ್‌ಗಳಲ್ಲಿ ಹೊರದೇಶದ ವ್ಯವಹಾರ ಮೊದಲಿಂದ ಬಂದ್ ಇರುತ್ತದೆ, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಿ, ಮಿತಿ ಹಾಕಿಕೊಳ್ಳಬೇಕು. ಅದನ್ನ ಹುಡುಕುವುದರೊಳಗೆ ಸೀಟು ಹೋಯಿತು. ಎರಡನೆಯ ಸಂಜೆ ಕಾರ್ಡ್ ಸರಿ ಇತ್ತು, ಏಳು ಇಪ್ಪತ್ತೈದಕ್ಕೆ ಕರೆಂಟ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಒಳಗೆ ಹೋಗುವಷ್ಟರಲ್ಲಿ ಹ್ಯಾಪಿ ಐಲ್ಸ್ ಮುಂದೆ ಸೊನ್ನೆ. ದೋಸ್ತ ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮಿರ್ಚಿ ಗಿರ್ಮಿಟ್ ಕಟ್ಟಿಸಿಕೊಂಡು ಬಂದ.

ಆ ಗಿರ್ಮಿಟ್ ತಿನ್ನುವಾಗಲೇ ನಮಗೆ ಬುದ್ಧಿ ಬಂದದ್ದು. ಈ ಪರ್ಮಿಟ್ ನೀವು ನೋಡುವ ಜಾಗಕ್ಕಲ್ಲ, ಒಳಗೆ ಕಾಲಿಡುವ ಬಾಗಿಲಿಗೆ. ದಾರಿ ಶುರುವಾಗುವ ಜಾಗಕ್ಕೆ ಟ್ರೇಲ್‌ಹೆಡ್ ಅಂತಾರೆ, ಕೋಟಾ ಇರುವುದು ಆ ಟ್ರೇಲ್‌ಹೆಡ್‌ಗೆ ಮತ್ತು ನೀವು ಹೊರಡುವ ತಾರೀಖಿಗೆ. ಒಂದು ಸಲ ಒಳಗೆ ಹೋದ ಮೇಲೆ ಎರಡನೆಯ ರಾತ್ರಿ ಎಲ್ಲಿ, ಮೂರನೆಯದು ಎಲ್ಲಿ ಅಂತ ಹೆಚ್ಚಿನ ದಾರಿಗಳಲ್ಲಿ ಕಟ್ಟುನಿಟ್ಟು ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ರೈಲಿನಲ್ಲಿ ವೇಟಿಂಗ್ ಲಿಸ್ಟ್ ಉದ್ದ ಇದ್ದರೆ ಸುತ್ತಿ ಹೋಗುವ ಇನ್ನೊಂದು ರೈಲಲ್ಲಿ ಸೀಟು ಖಾಲಿ ಇರುತ್ತಲ್ಲ, ಹಂಗೆ. ಎಲ್ಲರೂ ಕಣಿವೆಯ ಹ್ಯಾಪಿ ಐಲ್ಸ್‌ನಿಂದ ಮೇಲೆ ಹತ್ತಲು ಬಡಿದಾಡುತ್ತಾರೆ. ನಕ್ಷೆ ಹಾಸಿಕೊಂಡು ನೋಡಿದರೆ ಟಯೋಗ ರಸ್ತೆಯ ಮೇಲೆ ಟೆನಾಯಾ ಸರೋವರದ ಹತ್ತಿರ ಸನ್‌ರೈಸ್ ಲೇಕ್ಸ್ ಅನ್ನುವ ಬಾಗಿಲು ಇದೆ. ಅಲ್ಲಿಂದ ಹೊರಟು ಕ್ಲೌಡ್ಸ್ ರೆಸ್ಟ್ ಶಿಖರ ದಾಟಿ ಅದೇ ಹ್ಯಾಪಿ ಐಲ್ಸ್‌ಗೆ ಇಳಿಯಬಹುದು. ಮೇಲೆ ಹತ್ತುವುದು ಕಡಿಮೆ, ಇಳಿಯುವುದು ಜಾಸ್ತಿ. ಮೂರನೆಯ ಸಂಜೆ ಹ್ಯಾಪಿ ಐಲ್ಸ್ ಕಡೆ ನೋಡದೆ ನೇರ ಅದಕ್ಕೆ ಕೈ ಹಾಕಿದೆವು. ಇಬ್ಬರಿಗೂ ಆಯಿತು, ಒಟ್ಟು 20 ಡಾಲರ್. ನನ್ನದು ಮುಂದಾಳು ಹೆಸರು, ದೋಸ್ತನದು ಬದಲಿ.

ಒಂದು ಎಚ್ಚರಿಕೆ ಇದೆ. ಟಯೋಗ ರಸ್ತೆ ಹಿಮದಿಂದಾಗಿ ಚಳಿಗಾಲ ಪೂರ್ತಿ ಮುಚ್ಚಿರುತ್ತದೆ, ಮೇ ಕೊನೆಗೋ ಜೂನ್‌ಗೋ, ಕೆಲವು ವರ್ಷ ಇನ್ನೂ ತಡವಾಗಿಯೋ ತೆರೆಯುತ್ತದೆ. ಬೇಸಿಗೆಯ ಶುರುವಿನಲ್ಲಿ ಹೋಗುವವರು ಈ ಬಾಗಿಲನ್ನು ನಂಬಬೇಡಿ.

ಬುಕ್ ಆದ ಮೇಲೆ ಬರುವ ಇಮೇಲ್ ಪರ್ಮಿಟ್ ಅಲ್ಲ. ಇದನ್ನ ಪ್ರಿಂಟ್ ತೆಗೆದುಕೊಂಡು ನೇರ ಕಾಡಿಗೆ ಹೋಗುವ ಹಾಗಿಲ್ಲ. ಹೊರಡುವ ದಿನ ಬೆಳಿಗ್ಗೆ ಅಥವಾ ಹಿಂದಿನ ದಿನ ಅಲ್ಲಿನ ವೈಲ್ಡರ್‌ನೆಸ್ ಸೆಂಟರ್‌ಗೆ ಹೋಗಿ ರೇಂಜರ್ ಎದುರು ನಿಂತು ತೆಗೆದುಕೊಳ್ಳಬೇಕು. ನಾವು ಹಿಂದಿನ ದಿನವೇ ಹೋದೆವು, ನೀವೂ ಹಾಗೇ ಮಾಡಿ. ಪರ್ಮಿಟ್ ಇದ್ದವರಿಗೆ ನಡಿಗೆಯ ಹಿಂದಿನ ಒಂದು ರಾತ್ರಿ, ಮುಗಿದ ಮೇಲೆ ಒಂದು ರಾತ್ರಿ ಬ್ಯಾಕ್‌ಪ್ಯಾಕರ್‌ಗಳ ಕ್ಯಾಂಪ್‌ನಲ್ಲಿ ಮೊದಲೇ ಬುಕ್ ಮಾಡದೆ ಉಳಿಯಲು ಬಿಡುತ್ತಾರೆ. ಹೋಟೆಲ್ ದರ ನೋಡಿದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಪಾಸ್‌ಪೋರ್ಟ್ ತೋರಿಸಿದೆ. ರೇಂಜರ್ ಹುಡುಗಿ ಒಂದು ಸಣ್ಣ ಪರೀಕ್ಷೆಯನ್ನೇ ಮಾಡಿದಳು. ಮೊದಲ ರಾತ್ರಿ ಎಲ್ಲಿ ಮಲಗುತ್ತೀರಿ? ನೀರಿನಿಂದ ಎಷ್ಟು ದೂರ? 100 ಅಡಿ. ಮಲ ವಿಸರ್ಜನೆಗೆ ಗುಂಡಿ ಎಷ್ಟು ಆಳ? 6 ಇಂಚು. ಕಾಗದ? ವಾಪಸ್ ಹೊತ್ತು ತರಬೇಕು, ಹೂಳುವ ಹಾಗಿಲ್ಲ. ದೋಸ್ತನ ಮುಖ ನೋಡಬೇಕಿತ್ತು. ಆಮೇಲೆ ಊಟ ಎಲ್ಲಿ ಇಡುತ್ತೀರಿ ಅಂತ ಕೇಳಿದಳು, ಅಲ್ಲಿಂದ ನಮ್ಮ ನಿಜವಾದ ಕಷ್ಟ ಶುರುವಾಯಿತು.

ಯೊಸೆಮಿಟಿಯಲ್ಲಿ ಕಪ್ಪು ಕರಡಿಗಳಿವೆ. ಅವಕ್ಕೆ ಮನುಷ್ಯ ಬೇಡ, ಮನುಷ್ಯನ ಊಟ ಬೇಕು. ಅದಕ್ಕೇ ಕರಡಿ ಡಬ್ಬ ಕಡ್ಡಾಯ. ಗಟ್ಟಿ ಪ್ಲಾಸ್ಟಿಕ್ಕಿನ ಗುಂಡನೆಯ ಡಬ್ಬ, ಕರಡಿಗೆ ಮುಚ್ಚಳ ತೆಗೆಯಲು ಬರುವುದಿಲ್ಲ, ಮೊದಲ ಸಲ ನಮಗೂ ಬರಲಿಲ್ಲ. ವೈಲ್ಡರ್‌ನೆಸ್ ಸೆಂಟರ್‌ನಲ್ಲೇ ಬಾಡಿಗೆಗೆ ಕೊಡುತ್ತಾರೆ, ಊರಿಂದ ಕೊಂಡುಕೊಂಡು ಹೋಗಬೇಡಿ. ಊಟ ಅಷ್ಟೇ ಅಲ್ಲ, ವಾಸನೆ ಬರುವ ಪ್ರತಿಯೊಂದೂ ಅದರೊಳಗೆ ಹೋಗಬೇಕು: ಟೂತ್‌ಪೇಸ್ಟ್, ಸೋಪು, ಬಿಸಿಲಿನ ಕ್ರೀಮು, ಕಸ. ಮರಕ್ಕೆ ಕಟ್ಟಿ ತೂಗುಹಾಕುವುದು ಅಲ್ಲಿ ಅಪರಾಧ.

ನಾವು ಊರಿಂದ ಖಡಕ್ ರೊಟ್ಟಿ ಒಯ್ದಿದ್ದೆವು. ಉಪ್ಪಿನಕಾಯಿ ಭರಣಿಯಷ್ಟಿರುವ ಡಬ್ಬಕ್ಕೆ ತಟ್ಟೆಯಗಲದ ರೊಟ್ಟಿ! ಪಾರ್ಕಿಂಗ್ ಜಾಗದಲ್ಲಿ ಕೂತು ಎಲ್ಲ ರೊಟ್ಟಿ ಮುರಿದು ಚೂರು ಮಾಡಿ ತುಂಬಿದೆವು. ಸಂದಿಯಲ್ಲಿ ಶೇಂಗಾ ಚಟ್ನಿಪುಡಿ ಸುರಿದರೆ ಜಾಗ ಚೂರೂ ಹಾಳಾಗಲಿಲ್ಲ ಅನ್ನಿ. ಒಳ್ಳೆಯದು ಅಂದರೆ ಅವಲಕ್ಕಿ, ಒತ್ತಿದಷ್ಟೂ ಹಿಡಿಯುತ್ತದೆ, ಒಲೆ ಇಲ್ಲದೆಯೂ ನೆನೆಯುತ್ತದೆ. ಮನೆಯಲ್ಲೇ ಅಷ್ಟೇ ಅಳತೆಯ ಡಬ್ಬಿಯಲ್ಲಿ ಒಂದು ಸಲ ತುಂಬಿ ನೋಡಿಕೊಂಡು ಹೊರಡಿ. ಪೇಡೆ ತಮ್ಮನ ಮನೆಯಲ್ಲೇ ಬಿಟ್ಟೆವು, ಅದರ ವಾಸನೆಗೆ ಕರಡಿ ಏನು, ಯಾರು ಬೇಕಾದರೂ ಬಂದಾರು.

ತಮ್ಮ ಶನಿವಾರ ಟೆನಾಯಾ ಸರೋವರಕ್ಕೆ ಬಿಟ್ಟು ಹೋದ. ಅಲ್ಲೇ 2,480 ಮೀಟರ್ ಎತ್ತರ, ನಮ್ಮ ಧಾರವಾಡ 750 ಇದ್ದೀತು. ಮೊದಲ ಏರಿಗೇ ತಲೆ ನೋವು ಬಂತು. ಹಿಂದಿನ ರಾತ್ರಿ ಕಣಿವೆಯ ಬದಲು ಮೇಲೆಯೇ ಟುವಾಲಮಿ ಮೆಡೋಸ್‌ನ ಕ್ಯಾಂಪ್‌ನಲ್ಲಿ ಮಲಗಿದ್ದರೆ ಸ್ವಲ್ಪ ಒಗ್ಗುತ್ತಿತ್ತು. ಮೊದಲ ದಿನ ಸನ್‌ರೈಸ್ ಸರೋವರಗಳ ಹತ್ತಿರ ನಿಲ್ಲಿಸಿದೆವು. ಅಲ್ಲಿ ಬಾಟಲಿಗಳನ್ನೆಲ್ಲ ತುಂಬಿಕೊಳ್ಳಿ, ಸೆಪ್ಟೆಂಬರ್‌ನಲ್ಲಿ ಮುಂದಿನ ಹಳ್ಳಗಳನ್ನು ನಂಬಿ ನಡೆಯಬಾರದು.

ಎರಡನೆಯ ದಿನ ಕ್ಲೌಡ್ಸ್ ರೆಸ್ಟ್, 3,025 ಮೀಟರ್. ತುದಿಯ ಹತ್ತಿರ ದಾರಿ ಕಿರಿದು, ಎರಡೂ ಕಡೆ ಬಂಡೆ ಜಾರಿ ಕೆಳಗೆ ಹೋಗುತ್ತದೆ. ದೋಸ್ತ "ಯಪ್ಪಾ, ನಾ ಕುಂತ ಬರ್ತೀನಿ" ಅಂತ ಕೂತುಕೊಂಡೇ ಸ್ವಲ್ಪ ದೂರ ಸರಿದ. ನಾನು ನಕ್ಕೆ, ಮುಂದಿನ ತಿರುವಿನಲ್ಲಿ ನಾನೂ ಕೂತೆ. ಮೇಲಿಂದ ನೋಡಿದರೆ ಹಾಫ್ ಡೋಮ್ ಕೆಳಗೆ ಕಾಣುತ್ತದೆ. ಜನ ಒಂದು ಲಾಟರಿ ಬೇರೆ ಹಾಕಿ, ದಿನಕ್ಕೆ ಸುಮಾರು 300 ಜನರ ಕೋಟಾದಲ್ಲಿ ಹೆಸರು ಬರಲಿ ಅಂತ ಕಾಯ್ದು, ಕಬ್ಬಿಣದ ಹಗ್ಗ ಹಿಡಿದು ಹತ್ತುವ ಹಾಫ್ ಡೋಮ್ ಅದು. ಬೇಕಿದ್ದರೆ ರಾತ್ರಿ ಪರ್ಮಿಟ್ ಬುಕ್ ಮಾಡುವಾಗಲೇ ಅದನ್ನೂ ಕೇಳಬಹುದು, ತಲೆಗೆ 10 ಡಾಲರ್. ನಾವು ಕೇಳಲಿಲ್ಲ. ಮೇಲಿಂದ ನೋಡಿದ್ದೇ ಸಾಕು ಅನಿಸಿತು. ದೋಸ್ತನಿಗಂತೂ ಧಾರಾಳ ಸಾಕಾಗಿತ್ತು.

ಆ ರಾತ್ರಿ ಲಿಟ್ಲ್ ಯೊಸೆಮಿಟಿ ವ್ಯಾಲಿ, ಮರುದಿನ ನೆವಾಡಾ, ವರ್ನಲ್ ಜಲಪಾತಗಳ ಪಕ್ಕ ಇಳಿಜಾರು. ಸೆಪ್ಟೆಂಬರ್‌ನಲ್ಲಿ ನೀರು ಸೊರಗಿರುತ್ತದೆ, ಜಲಪಾತವೇ ಬೇಕು ಅಂದರೆ ಮೇ-ಜೂನ್‌ನಲ್ಲಿ ಹೋಗಿ. ಮೊಣಕಾಲು ಮಾತ್ರ ಎರಡು ವಾರ ನಮ್ಮ ಮಾತು ಕೇಳಲಿಲ್ಲ. ಕೋಲು ಒಯ್ಯಿರಿ.

ಖರ್ಚಿನ ಬಗ್ಗೆ ಒಂದು ಹೊಸ ವಿಷಯ. ನಾವು ಹೋದಾಗ ಕಾರಿಗೆ 35 ಡಾಲರ್ ಪ್ರವೇಶ ಶುಲ್ಕ ಕೊಟ್ಟು ಒಳಗೆ ಹೋದೆವು. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಯೊಸೆಮಿಟಿ ಸೇರಿ 11 ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚು ಮಾಡಿದ್ದಾರೆ. ಇಲ್ಲದಿದ್ದರೆ 250 ಡಾಲರ್‌ನ ವರ್ಷದ ಪಾಸು. ಗ್ರ್ಯಾಂಡ್ ಕ್ಯಾನಿಯನ್ನೂ ನೋಡುವ ಯೋಚನೆ ಇದ್ದರೆ ಪಾಸು ಲೆಕ್ಕ ಹಾಕಿ ನೋಡಿ. ಪರ್ಮಿಟ್‌ಗೆ 20 ಡಾಲರ್ ಕೊಟ್ಟು ಅಗ್ಗ ಅಂದುಕೊಂಡವರಿಗೆ ಗೇಟಿನಲ್ಲಿ ಎದೆ ಧಸಕ್ ಅನ್ನಬಾರದಲ್ಲ.

ಇನ್ನೊಂದು ಮರೆತಿದ್ದೆ. ಕರಡಿ ಡಬ್ಬ ವಾಪಸ್ ಕೊಡುವ ಮೊದಲು ತೊಳೆದು ಕೊಡಿ. ನಾವು ಹಾಗೇ ಕೊಟ್ಟೆವು, ಕೌಂಟರಿನಲ್ಲಿದ್ದವ ಮುಚ್ಚಳ ತೆಗೆದು ಮೂಗು ಹಾಕಿ ನೋಡಿದ, ತಳದಲ್ಲಿದ್ದ ಶೇಂಗಾ ಚಟ್ನಿಯ ಖಾರಕ್ಕೆ ನಾಲ್ಕು ಸಲ ಸೀನಿದ.