ಈ ಕಾಗದ ಯಾರ ಕಡೇದು?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ.

"ನೀವು ಮೊದ್ಲು ಲಾಯರ್ ಆಗಿದ್ರಂತೆ. ಹಂಗಾರೆ ಹೇಳಿ ಸ್ವಾಮಿ, ಈ ಕಾಗ್ದ ನನ್ ಕಡೇದಾ, ನಿಮ್ ಕಡೇದಾ?"

ಕೇಳಿದ್ದು ಅರಕಲಗೂಡು ಕಡೆಯ ಒಬ್ಬ ಅಜ್ಜಿ. ಮೇಜಿನ ಆಚೆ ಕೂತಿದ್ದವರು ನನ್ನ ಸೀನಿಯರ್. ಅವರು ಹಾಸನದ ಕೋರ್ಟು ಬಿಟ್ಟು ಕರೆಂಟಿನ ಕಂಪನಿಯೊಂದನ್ನು ಸೇರಿ ಬಹಳ ವರ್ಷವಾಯಿತು, ಆದರೂ ನನ್ನ ಬಾಯಲ್ಲಿ ಅವರಿನ್ನೂ ಸೀನಿಯರ್ರೇ. ಮೊದಲು ಕಾನೂನು ಅಧಿಕಾರಿಯಾಗಿ ಹೋದವರು ಒಂದೊಂದೇ ಮೆಟ್ಟಿಲು ಹತ್ತಿ, ಈಗ ಎಂಜಿನಿಯರುಗಳು ಎದ್ದು ನಿಲ್ಲುವಂಥ ಕುರ್ಚಿಯಲ್ಲಿದ್ದಾರೆ. ಗ್ರಾಹಕರ ಅಹವಾಲು ಕೇಳಲು ಹಾಸನಕ್ಕೆ ಬರುತ್ತಾರೆಂದು ಗೊತ್ತಾಗಿಯೇ ನಾನು ಆ ಸಭೆಗೆ ಹೋದೆ. ಸಕಲೇಶಪುರದ ಕಕ್ಷಿದಾರರೊಬ್ಬರ ತೋಟದ ಮೇಲೆ ಹಾದುಹೋದ ಲೈನಿನ ಅರ್ಜಿ ಕೈಯಲ್ಲಿತ್ತು ನಿಜ. ಅದನ್ನು ನನ್ನ ಜೂನಿಯರ್ ಹುಡುಗಿಯ ಕೈಲಿ ಕೊಟ್ಟು ಕಳಿಸಿದ್ದರೂ ನಡೆಯುತ್ತಿತ್ತು.

ಅಜ್ಜಿ ಹನ್ನೆರಡು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದಾರೆ. ಗಂಡ ಹಾಕಿದ ಗಿರಣಿ, ಗಂಡನ ಹೆಸರಿನ ಮೀಟರು. ನೋಟಿಸನ್ನು ಜವಳಿ ಅಂಗಡಿಯ ಕವರಿನಲ್ಲಿ ಸುತ್ತಿ ತಂದಿದ್ದರು. ಅದರ ಜೊತೆಗೆ ಇನ್ನೊಂದು ತಂದಿದ್ದರು, ಅದನ್ನು ನೋಡಿ ನನಗೆ ಗಂಟಲು ಕಟ್ಟಿತು. ತಿಂಗಳು ತಿಂಗಳು ಕಟ್ಟಿದ ಕರೆಂಟಿನ ಬಿಲ್ಲುಗಳನ್ನೆಲ್ಲ ತಂತಿಗೆ ಚುಚ್ಚಿಟ್ಟಿದ್ದರಲ್ಲ, ಆ ತಂತಿಯನ್ನೇ ಗೋಡೆಯಿಂದ ಬಿಡಿಸಿಕೊಂಡು ಬಂದಿದ್ದರು. ಕೆಳಗಿನ ಬಿಲ್ಲುಗಳ ಅಕ್ಷರ ಅಳಿಸಿ ಬರೀ ಹಳದಿ ಚೀಟಿಗಳಾಗಿದ್ದವು. ಎಲ್ಲದರ ಮೇಲೂ ತೆಳ್ಳಗೆ ರಾಗಿಹಿಟ್ಟಿನ ಧೂಳು.

ನೋಟಿಸಿನಲ್ಲಿ ಇದ್ದದ್ದು ಇಷ್ಟು. 2014ರಿಂದ 2016ರವರೆಗೆ ಈ ಆರ್.ಆರ್. ನಂಬರಿಗೆ ತಪ್ಪು ದರದಲ್ಲಿ ಬಿಲ್ಲು ಹಾಕಿರುವುದು ಆಡಿಟ್‌ನಲ್ಲಿ ಕಂಡುಬಂದಿದೆ. ವ್ಯತ್ಯಾಸದ ಮೊತ್ತ 41,360 ರೂಪಾಯಿಯನ್ನು 15 ದಿನದೊಳಗೆ ಕಟ್ಟತಕ್ಕದ್ದು. ತಪ್ಪಿದಲ್ಲಿ ಸಂಪರ್ಕ ಕಡಿತಗೊಳಿಸಲಾಗುವುದು. ದರ ತಪ್ಪು ಹಾಕಿದವರು ಅವರು. ಬಂದ ಬಿಲ್ಲನ್ನು ಒಂದು ದಿನ ತಡಮಾಡದೆ ಕಟ್ಟಿದವರು ಈ ಅಜ್ಜಿ.

"ಕಟ್ಟಲೇಬೇಕು ಅಜ್ಜಿ, ಆಡಿಟ್‌ನೋರು ಬರೆದುಬಿಟ್ಟಿದ್ದಾರೆ" ಅಂದ ಪಕ್ಕದಲ್ಲಿ ಕೂತಿದ್ದ ಕಿರಿಯ ಅಧಿಕಾರಿ. ಹುಡುಗ ಕೆಟ್ಟವನೇನಲ್ಲ, ದನಿಯಲ್ಲಿ ಗಡಸೂ ಇರಲಿಲ್ಲ. ಆದರೆ ಹೇಳುವಾಗ ಅಜ್ಜಿಯ ಮುಖ ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಬೆಂಗಳೂರಿನಲ್ಲಿರುವ ಮಗನೂ "ಕಟ್ಬಿಡು ಅತ್ಲಾಗೆ" ಅಂದನಂತೆ. ಅವನ ಮೇಲೂ ನನಗೆ ಸಿಟ್ಟಿದೆ. ತಾಯಿ ಒಬ್ಬಳೇ ಬಸ್ಸು ಹತ್ತಿ ಹಾಸನಕ್ಕೆ ಬಂದು ಟೋಕನ್ ಹಿಡಿದು ಎರಡು ಗಂಟೆ ಕೂರಬೇಕಾಯಿತಲ್ಲ.

ಆಗ ಅಜ್ಜಿ ಆ ಹುಡುಗನನ್ನು ಬಿಟ್ಟು ನೇರವಾಗಿ ಸರ್ ಕಡೆ ತಿರುಗಿ ಕೇಳಿದ್ದು: ಈ ಕಾಗ್ದ ನನ್ ಕಡೇದಾ, ನಿಮ್ ಕಡೇದಾ?

ಸರ್ ಸುಮ್ಮನಾದರು. ಅವರ ಮೌನಗಳು ನನಗೆ ಚೆನ್ನಾಗಿ ಗೊತ್ತು. ಪಾಟೀಸವಾಲಿನಲ್ಲಿ ಸಾಕ್ಷಿ ನಿಜ ಹೇಳಿಬಿಟ್ಟಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಮಂಗಳವಾರವೂ ಕನ್ನಡಕ ತೆಗೆದರು. ಆಮೇಲೆ ಎದ್ದು, ಮೇಜು ಸುತ್ತಿ ಈಚೆ ಬಂದು, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅಜ್ಜಿಯ ಪಕ್ಕ ಕೂತರು. ನೋಟಿಸನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು. ಒಂದೊಂದು ಸಾಲಿಗೂ ಮನೆಮಾತಿನಲ್ಲಿ ಅರ್ಥ ಹೇಳಿದರು. ಮುಗಿಸಿ ಅಂದರು:

"ಅವ್ವಾ, ಇದು ಅರ್ಧ ನಮ್ ಕಡೇದು, ಅರ್ಧ ನಿಮ್ ಕಡೇದು. ದುಡ್ಡು ಕೇಳೋ ಹಕ್ಕು ನಮಗಿದೆ. ಕರೆಂಟು ಕೀಳೋ ಹಕ್ಕಿಲ್ಲ."

ಇದು ಕರುಣೆಯಿಂದ ಬಂದ ಮಾತು ಅಂತ ಸಭೆಯಲ್ಲಿ ಕೂತವರು ತಿಳಿದಿರಬಹುದು. ಅದು ಅಚ್ಚ ಕಾನೂನು. ವಿದ್ಯುತ್ ಕಾಯ್ದೆ 2003ರ 56ನೇ ಕಲಮಿನಲ್ಲಿ ಎರಡು ಭಾಗವಿದೆ. ಬಾಕಿದಾರನಿಗೆ 15 ದಿನದ ಲಿಖಿತ ನೋಟಿಸು ಕೊಟ್ಟು ಸಂಪರ್ಕ ಕಡಿಯಬಹುದು ಅನ್ನುತ್ತದೆ ಮೊದಲನೆಯದು. ಹಣ ಮೊದಲು ಬಾಕಿಯಾದ ದಿನದಿಂದ ಎರಡು ವರ್ಷ ಕಳೆದರೆ, ಬಿಲ್ಲಿನಲ್ಲಿ ಬಾಕಿ ಎಂದು ಸತತವಾಗಿ ತೋರಿಸುತ್ತ ಬಂದಿಲ್ಲದಿದ್ದರೆ, ವಸೂಲು ಮಾಡುವಂತಿಲ್ಲ, ಸಂಪರ್ಕವನ್ನೂ ಕಡಿಯುವಂತಿಲ್ಲ ಅನ್ನುತ್ತದೆ ಎರಡನೆಯದು. ಹಾಗಾದರೆ ಕಂಪನಿಯೇ ತಪ್ಪಿ ಕಡಿಮೆ ಬಿಲ್ಲು ಹಾಕಿ, ಅದು ವರ್ಷಗಳ ಮೇಲೆ ಗೊತ್ತಾದರೆ? ಈ ಪ್ರಶ್ನೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ತಪ್ಪು ಗೊತ್ತಾದ ಮೇಲೆ ಹೆಚ್ಚುವರಿ ಬಿಲ್ಲು ಕೊಡಬಹುದು, ಹಣವನ್ನು ಕಾನೂನಿನ ದಾರಿಯಲ್ಲಿ ವಸೂಲು ಮಾಡಿಕೊಳ್ಳಬಹುದು. ಅದಕ್ಕಾಗಿ ಫ್ಯೂಸು ಮಾತ್ರ ಕೀಳುವ ಹಾಗಿಲ್ಲ. ಈ ತೀರ್ಪನ್ನು ನಾನೇ ಕೋರ್ಟಿನಲ್ಲಿ ಎಷ್ಟು ಸಲ ಓದಿ ಹೇಳಿದ್ದೇನೋ. ಕೇಳೋದು, ಕೀಳೋದು ಅಂತ ಎರಡು ಪದದಲ್ಲಿ ಹೇಳಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಸರ್ ಅಲ್ಲಿಗೆ ನಿಲ್ಲಿಸಲಿಲ್ಲ. ಸಂಪರ್ಕ ಕಡಿತದ ಸಾಲು ತೆಗೆದು ಬೇರೆ ನೋಟಿಸು ಕೊಡಲು ಆ ಹುಡುಗನಿಗೆ ಹೇಳಿದರು. ಒಂದು ಹಾಳೆಯ ಮೇಲೆ ಕೈಬರಹದಲ್ಲಿ ನಾಲ್ಕು ಸಾಲು ಬರೆದು, ಸಹಿ ಮಾಡಿ, ಸೀಲು ಒತ್ತಿಸಿ ಅಜ್ಜಿಗೆ ಕೊಟ್ಟರು. ಲೆಕ್ಕ ಸರಿಯಿಲ್ಲ ಅನ್ನಿಸಿದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು, ಅಲ್ಲೂ ಸಮಾಧಾನವಾಗದಿದ್ದರೆ ಅದರ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್ ಇದ್ದಾರೆ, ಇದೆಲ್ಲ ಅದೇ ಕಾಯ್ದೆಯ 42ನೇ ಕಲಮಿನಲ್ಲಿದೆ ಅಂತ ಹೇಳಿದರು. ತಮ್ಮದೇ ಕಂಪನಿಯ ವಿರುದ್ಧ ಹೋಗುವ ದಾರಿಯನ್ನು ಎದುರಿಗೆ ಕೂರಿಸಿಕೊಂಡು ತೋರಿಸಿಕೊಟ್ಟರು.

ಈಗ ನನ್ನ ಹಳೆಯ ಸಿಟ್ಟಿನ ವಿಷಯ.

ಸರ್ ಕಟ್ಟಿದ ಹೆಸರು ಹೇಮಾವತಿಯ ಮುಳುಗಡೆ ಕೇಸುಗಳಿಂದ ಬಂದದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು, ಪರಿಹಾರದ ಜಗಳ ಮುಗಿಯಲಿಲ್ಲ. ಹಳೆಯ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನ ರೆಫರೆನ್ಸುಗಳು, ಅಂದರೆ ಕೊಟ್ಟ ಪರಿಹಾರ ಒಪ್ಪದೆ ಕೋರ್ಟಿಗೆ ಹೋದ ಕೇಸುಗಳು, ಅಪ್ಪ ಹಾಕಿದ್ದನ್ನು ಮಗ ನಡೆಸಿದವು. ಶೆಟ್ಟಿಹಳ್ಳಿಯ ಮುಳುಗುವ ಚರ್ಚನ್ನು ಈಗ ಮಳೆಗಾಲದಲ್ಲಿ ಫೋಟೋ ತೆಗೆಯಲು ಜನ ಬರುತ್ತಾರೆ. ಆ ನೀರಿನಡಿ ಯಾರ ಹೊಲ ಎಲ್ಲಿತ್ತು, ಯಾವ ಬದುವಿನಲ್ಲಿ ಎಷ್ಟು ತೆಂಗಿನಮರವಿತ್ತು ಅನ್ನುವುದು ಸರ್ ತಲೆಯಲ್ಲಿತ್ತು. ಅಂಥವರು ಒಂದು ದಿನ ಕರೆದು, "ನಾಳೆಯಿಂದ ನಾನು ಬರಲ್ಲಮ್ಮ, ವಕೀಲಿಕೆಯ ಸನ್ನದು ಅಮಾನತಿನಲ್ಲಿಡಲು ಬರೆದುಕೊಟ್ಟೆ" ಅಂದರು. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲ ಪ್ರಾಕ್ಟೀಸು ಮಾಡುವಂತಿಲ್ಲ, ನಿಯಮವೇ ಹಾಗೆ. ನಲವತ್ತು ಫೈಲು ನನ್ನ ಮೇಜಿನ ಮೇಲೆ ಬಂದವು. ಬಾರ್ ರೂಮಿನಲ್ಲಿ "ಸಂಬಳಕ್ಕೆ ಹೋದರು" ಅಂದರು. ನಾನು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲಿ ಅದಕ್ಕಿಂತ ಕಟುವಾಗಿ ಅಂದುಕೊಂಡೆ. ಜನರ ಕಡೆ ಇದ್ದವರು ಆಚೆ ಕಡೆಗೆ ಹೋದರು ಅಂತ.

ಹೋಗುವಾಗ ಒಂದು ಮಾತು ಹೇಳಿದ್ದರು. "ಲಿಲಿಯೆಂಥಾಲ್ ಅಂತ ಅಮೆರಿಕದಲ್ಲಿ ಒಬ್ಬ ಲಾಯರ್ ಇದ್ದ. ಬಿಡುವಾದಾಗ ಹುಡುಕಿ ಓದು." ನಾನು ಹಟಕ್ಕೆ ಓದಿರಲಿಲ್ಲ. ಮಂಗಳವಾರ ರಾತ್ರಿ ಕೂತು ಓದಿದೆ, ಬುಧವಾರವೂ ಓದಿದೆ.

ಡೇವಿಡ್ ಲಿಲಿಯೆಂಥಾಲ್ ಹುಟ್ಟಿದ್ದು 1899ರಲ್ಲಿ. ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಶಿಕಾಗೋದಲ್ಲಿ ವಕೀಲಿಕೆ ಮಾಡಿ, 1931ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗಕ್ಕೆ ಹೋದ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್, ನದಿಗೆ ಅಣೆಕಟ್ಟು ಹಾಕಿ ಕರೆಂಟು ಕೊಡುವ ಸರ್ಕಾರಿ ಸಂಸ್ಥೆಯಾದ ಟೆನೆಸಿ ಕಣಿವೆ ಪ್ರಾಧಿಕಾರ ಕಟ್ಟಿದಾಗ ಅದರ ಮೂವರು ನಿರ್ದೇಶಕರಲ್ಲಿ ಒಬ್ಬ ಎಂಜಿನಿಯರು, ಒಬ್ಬ ಕೃಷಿ ವಿಜ್ಞಾನಿ, ಮೂರನೆಯವನು ಈ ವಕೀಲ. ಕರೆಂಟಿನ ಹೊಣೆ ಇವನ ಪಾಲಿಗೆ ಬಂತು. ಆಗ ಅಮೆರಿಕದಲ್ಲೂ ಹತ್ತು ರೈತರ ಮನೆಗಳಲ್ಲಿ ಒಂಬತ್ತಕ್ಕೆ ಕರೆಂಟಿರಲಿಲ್ಲ. ಹಳ್ಳಿಗೆ ಲೈನು ಎಳೆದರೆ ಲಾಭವಿಲ್ಲ ಅಂತ ಖಾಸಗಿ ಕಂಪನಿಗಳು ಕೂತಿದ್ದವು. ದರ ಇಳಿಸಿದರೆ ಜನ ಹೆಚ್ಚು ಬಳಸುತ್ತಾರೆ, ಬಳಕೆ ಹೆಚ್ಚಿದರೆ ಕಂಪನಿಗೂ ನಷ್ಟವಿಲ್ಲ ಅನ್ನುವುದು ಲಿಲಿಯೆಂಥಾಲ್‌ನ ವಾದ. 1934ರಲ್ಲಿ ಮಿಸಿಸಿಪ್ಪಿಯ ಟ್ಯುಪೆಲೋ ಅನ್ನುವ ಪುಟ್ಟ ಊರು ಪ್ರಾಧಿಕಾರದ ಕರೆಂಟು ಪಡೆದ ಮೊದಲ ಊರಾಯಿತು.

ಅವನ ಎದುರಾಳಿ ವೆಂಡೆಲ್ ವಿಲ್ಕಿ. ಅವನೂ ವಕೀಲನೇ! ಖಾಸಗಿ ವಿದ್ಯುತ್ ಕಂಪನಿಗಳ ಒಂದು ದೊಡ್ಡ ಕೂಟಕ್ಕೆ ವಕೀಲನಾಗಿ ಹೋಗಿ 1933ರಲ್ಲಿ ಅದರ ಅಧ್ಯಕ್ಷನೇ ಆದವನು. ಇಬ್ಬರೂ ಕೋರ್ಟಿನಲ್ಲಿ, ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಆರು ವರ್ಷ ಕಾದಾಡಿದರು. ಕೊನೆಗೆ 1939ರ ಆಗಸ್ಟಿನಲ್ಲಿ ವಿಲ್ಕಿ ತನ್ನ ಟೆನೆಸಿಯ ಕಂಪನಿಯನ್ನು ಪ್ರಾಧಿಕಾರಕ್ಕೂ ಅಲ್ಲಿನ ಊರುಗಳಿಗೂ ಸುಮಾರು 7 ಕೋಟಿ 86 ಲಕ್ಷ ಡಾಲರಿಗೆ ಮಾರಿದ. ಮರುವರ್ಷ ರೂಸ್‌ವೆಲ್ಟ್ ಎದುರು ಅಧ್ಯಕ್ಷ ಚುನಾವಣೆಗೇ ನಿಂತು ಸೋತ. ಸರ್ ಇವನ ಹೆಸರು ಹೇಳದೆ ಲಿಲಿಯೆಂಥಾಲ್ ಹೆಸರು ಮಾತ್ರ ಯಾಕೆ ಹೇಳಿದರೋ. ಬಹುಶಃ ತಾವು ಯಾರ ದಾರಿ ಹಿಡಿಯಬೇಕು ಅಂದುಕೊಂಡಿದ್ದರೋ ಅದನ್ನು ಹೇಳಿದರು.

ಆದರೆ ಲಿಲಿಯೆಂಥಾಲ್ ಕಡೆಯದೂ ಪೂರಾ ಬೆಳಕೇ ಆಗಿರಲಿಲ್ಲ. ಪ್ರಾಧಿಕಾರದ ಮೊದಲ ಅಣೆಕಟ್ಟು ನಾರಿಸ್, ಅದೊಂದಕ್ಕೇ ಮೂರು ಸಾವಿರದಷ್ಟು ಸಂಸಾರ ಎದ್ದುಹೋದವು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಹೇಮಾವತಿಯ ಫೈಲುಗಳು. ನಮ್ಮ ಮೈಸೂರು ಸಂಸ್ಥಾನದಲ್ಲೂ 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಯ ಗಿರಣಿಯ ಸರದಿ ಎಷ್ಟೋ ದಶಕ ಆಚೆ. ಕರೆಂಟು ಯಾವ ಕಡೆಗೆ ಮೊದಲು ಹರಿಯಬೇಕು ಅಂತ ಯಾರೋ ಒಬ್ಬರು ಎಲ್ಲೋ ಕೂತು ತೀರ್ಮಾನ ಮಾಡುತ್ತಲೇ ಬಂದಿದ್ದಾರೆ. ಅವರ ಎದುರು ನಿಂತು ಈ ಕಾಗದ ಯಾರ ಕಡೇದು ಅಂತ ಕೇಳುವ ಅವಕಾಶ ಎಷ್ಟು ಜನಕ್ಕೆ ಸಿಕ್ಕೀತು? ಕೇಳಿದರೂ ಎದ್ದು ಈಚೆ ಬಂದು ಕೂರುವವರು ಎಷ್ಟು ಜನ?

ಸಭೆ ಮುಗಿದ ಮೇಲೆ ಸರ್ ಜೊತೆ ಹೊರಗೆ ಕಾಫಿ ಕುಡಿದೆ. ಸೋನೆ ಮಳೆ. "ಚೆನ್ನಾಗಿ ಹೇಳಿದ್ರಿ ಸರ್" ಅಂದೆ. ಅವರು ಲೋಟ ಕೆಳಗಿಟ್ಟರು.

"ಆ ನೋಟಿಸಿನ ಫಾರ್ಮ್ಯಾಟ್ ನಾನು ಬರೆದದ್ದಮ್ಮ. ಕಾನೂನು ಅಧಿಕಾರಿಯಾಗಿ ಸೇರಿದ ಹೊಸತರಲ್ಲಿ. ತಪ್ಪಿದಲ್ಲಿ ಸಂಪರ್ಕ ಕಡಿತ ಅನ್ನೋ ಸಾಲು ನಂದೇ. ಆಗ ಆ ತೀರ್ಪು ಇರಲಿಲ್ಲ. ಬಂದ ಮೇಲೂ ಯಾರೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ. ಎಷ್ಟು ಮನೆಗೆ ಹೋಗಿದೆಯೋ."

ಆ ಮೌನ ಯಾತಕ್ಕೆ ಅಷ್ಟು ಉದ್ದವಿತ್ತು ಅಂತ ಆಗ ತಿಳಿಯಿತು. ಅಜ್ಜಿ ಕೇಳಿದ ಪ್ರಶ್ನೆಗೆ ಅವರ ಹತ್ತಿರ ಇನ್ನೊಂದು ಉತ್ತರವೂ ಇತ್ತು: ಕಾಗದ ನಂದು. ಎಲ್ಲರೆದುರು ಅದನ್ನೂ ಹೇಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ, ಅವರ ಮೇಲಿನ ಗೌರವ ಹಾಗೇ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಅವತ್ತು ಸಂಜೆಯೇ ಫಾರ್ಮ್ಯಾಟ್ ಬದಲಿಸಲು ಬರೆಯುತ್ತೇನೆ ಅಂದರು. ಬರೆದಿದ್ದಾರೆ ಅಂತ ನಂಬಿದ್ದೇನೆ, ಮುಂದಿನ ವಾರ ಫೋನು ಮಾಡಿ ಕೇಳುತ್ತೇನೆ. ಹೊರಡುವ ಮೊದಲು, ನನಗೆ ಬಿಟ್ಟುಹೋದ ನಲವತ್ತು ಫೈಲುಗಳಲ್ಲಿ ಎಷ್ಟು ಉಳಿದಿವೆ ಅಂತ ಕೇಳಿದರು. ಮೂರು ಅಂದೆ. ಮೂರರ ಕಕ್ಷಿದಾರರ ಹೆಸರನ್ನೂ ಅವರೇ ಹೇಳಿದರು, ಊರಿನ ಸಮೇತ.

ಅಜ್ಜಿ ಗೇಟಿನ ಹತ್ತಿರ ಮಳೆ ನಿಲ್ಲಲಿ ಅಂತ ಕಾಯುತ್ತಿದ್ದರು. ನನ್ನ ಕಾರಿನಲ್ಲಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ತಂತಿಯ ಬಿಲ್ಲುಗಳನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಸರ್ ಬರೆದುಕೊಟ್ಟ ಹಾಳೆ ತೆಗೆದು ಓದು ಅಂದರು. ಓದಿದೆ. ಇನ್ನೊಂದು ಸಲ ಅಂದರು. ಓದಿದೆ.

"ನಂಗೆ ಓದಕ್ ಬರಲ್ಲ ಕಣವ್ವ. ಕೀಳಂಗಿಲ್ಲ ಅಂತ ಐತಲ್ಲ, ಅದು ಎಲ್ಲೈತೆ ತೋರ್ಸು."

ಮೂರನೇ ಸಾಲಿನ ಕೊನೆಯಲ್ಲಿತ್ತು. ಬೆರಳಿಟ್ಟು ತೋರಿಸಿದೆ. ಅಜ್ಜಿ ನನ್ನ ಬೆರಳು ಸರಿಸಿ, ಆ ಪದದ ಕೆಳಗೆ ಹೆಬ್ಬೆರಳಿನ ಉಗುರಿನಿಂದ ಒತ್ತಿ ಒಂದು ಗೀರು ಎಳೆದರು. ಹಾಳೆ ತಿರುಗಿಸಿ ಹಿಂದುಗಡೆ ಗೀರು ಮೂಡಿದೆಯಾ ಅಂತ ಸವರಿ ನೋಡಿದರು. ಅರಕಲಗೂಡಿನ ಬಸ್ಸು ಬಂತು.