ಮತ್ತೆ ಫಾರ್ಗೋ

ನಿನ್ನೆ ರಾತ್ರಿ ಮತ್ತೆ ‘ಫಾರ್ಗೋ’ ನೋಡಿದೆ. ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೀನಿ. 1996ರದ್ದು, ಕೋಯೆನ್ ಸಹೋದರರ ಸಿನಿಮಾ. ಮಾವನ ದುಡ್ಡು ಹೊಡೆಯೋಕೆ ಕಟ್ಟಿಕೊಂಡ ಹೆಂಡತಿಯನ್ನೇ ಅಪಹರಣ ಮಾಡಿಸೋ ಕಾರ್ ಸೇಲ್ಸ್‌ಮನ್. ಆಮೇಲೆ ಬರೀ ಎಡವಟ್ಟು, ಹೆಣದ ಮೇಲೆ ಹೆಣ. ನಗು ಬರುತ್ತೆ, ನಕ್ಕಿದ್ದಕ್ಕೆ ನಾಚಿಕೆನೂ ಆಗುತ್ತೆ. ಶುರುವಿನಲ್ಲೇ ನಿಜಕಥೆ ಅಂತ ಹಾಕ್ತಾರಲ್ಲ, ಅದೂ ಓಳು!

ನನಗೆ ಮಾತ್ರ ಮಾರ್ಜ್ ಸಾಕು. ಏಳು ತಿಂಗಳ ಬಸುರಿ ಪೊಲೀಸ್ ಚೀಫ್. ಹಿಮದಲ್ಲಿ ಹೆಣದ ಹತ್ತಿರ ಬಗ್ಗಿದವಳಿಗೆ ಹೊಟ್ಟೆ ತೊಳಸುತ್ತೆ. ಹೆಣ ನೋಡಿ ಅಲ್ಲ, ಬಸುರಿನ ಸಂಕಟ. ಮರುನಿಮಿಷವೇ ಹಸಿವು! ಮಾರ್ಜ್ ಪಾತ್ರ ಮಾಡಿದ ಫ್ರಾನ್ಸಿಸ್ ಮೆಕ್‌ಡೋರ್ಮಂಡ್‌ಗೆ ಆಸ್ಕರ್ ಸುಮ್ಮನೆ ಬರಲಿಲ್ಲ.

ಅಷ್ಟೆಲ್ಲ ರಕ್ತ ನೋಡಿ ಮನೆಗೆ ಬಂದವಳು, ಗಂಡ ಬಿಡಿಸಿದ ಬಾತುಕೋಳಿ ಮೂರು ಸೆಂಟಿನ ಸ್ಟಾಂಪಿಗೆ ಆಯ್ಕೆಯಾಯ್ತು ಅಂತ ಹಿಗ್ಗುತ್ತಾಳೆ. ಯಾಕೋ, ಅಲ್ಲಿ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತೆ.