ದೊಡ್ಡ ಫ್ಲೇರ್ ಬಂದರೆ ಅರೋರಾ ಕಾಣುತ್ತದೆಯೇ?

"ಎಕ್ಸ್ ಕ್ಲಾಸ್ ಫ್ಲೇರ್ ಬಂತಂತಲ್ಲ ಸರ್, ಇವತ್ತು ರಾತ್ರಿ ಅರೋರಾ ಗ್ಯಾರಂಟಿನಾ?" ನಾರ್ವೆಯ ಟ್ರೊಮ್ಸೊದಲ್ಲಿ ಅರೋರಾ (ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು) ತೋರಿಸುವ ಗೈಡ್ ಕೆಲಸಕ್ಕೆ ನಿಂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾವು ಮೊದಲು ಹೇಳಿಕೊಡುವುದು, ಫ್ಲೇರ್‌ನ ಅಂಕಿ ನೋಡಿ ಯಾರಿಗೂ ಮಾತು ಕೊಡಬೇಡಿ ಎಂದು.

ಫ್ಲೇರ್ ಅಂದರೆ ಸೂರ್ಯನ ಮೇಲಿನ ಸ್ಫೋಟದಿಂದ ಹೊಮ್ಮುವ ಬೆಳಕು ಮತ್ತು ಎಕ್ಸ್-ಕಿರಣ. ಎಕ್ಸ್ ಅದರ ಅತಿ ಬಲವಾದ ವರ್ಗ, ಮುಂದಿನ ಅಂಕಿ ಹೆಚ್ಚಿದಷ್ಟೂ ಫ್ಲೇರ್ ದೊಡ್ಡದು. ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿ ಮುಟ್ಟಿ, ಹಗಲಿರುವ ಕಡೆ ಶಾರ್ಟ್‌ವೇವ್ ರೇಡಿಯೊ ಕೆಡಿಸುತ್ತದೆ. ಅರೋರಾ ತರುವುದು ಕೆಲವೊಮ್ಮೆ ಅದರ ಜೊತೆ ಚಿಮ್ಮುವ ಪ್ಲಾಸ್ಮಾ ಮೋಡ (ವಿದ್ಯುತ್ ಕಣಗಳ ರಾಶಿ), ಅಂದರೆ ಸಿಎಂಇ. ಅದು ಇಲ್ಲಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು, ನಮ್ಮ ಕಡೆಗೇ ಹೊರಟಿರಲೂ ಬೇಕು. 2014ರ ಅಕ್ಟೋಬರ್‌ನಲ್ಲಿ 12192 ಎಂಬ ಸೌರಕಲೆಗಳ ಗುಂಪು ಆರು ಎಕ್ಸ್ ಫ್ಲೇರ್ ಸಿಡಿಸಿತು. ದೊಡ್ಡ ಸಿಎಂಇ ಒಂದೂ ಭೂಮಿಯತ್ತ ಬರಲಿಲ್ಲ. 2024ರ ಮೇ 10ರಂದು ಭೂಮಿಯ ಕಾಂತಕ್ಷೇತ್ರದಲ್ಲಿ ಜಿ5 ಬಿರುಗಾಳಿ (ಜಿ1ರಿಂದ ಜಿ5ರ ಅಳತೆಯಲ್ಲಿ ಅತಿ ಬಲವಾದದ್ದು) ಎದ್ದದ್ದು ಎಕ್ಸ್1, ಎಕ್ಸ್2 ಮಟ್ಟದ ಫ್ಲೇರ್‌ಗಳ ಜೊತೆ ಒಂದರ ಹಿಂದೊಂದು ಹೊರಟ ಸಿಎಂಇಗಳಿಂದ. ಆ ಮೇ ತಿಂಗಳ ಫ್ಲೇರ್ ಸಿಡಿಸಿದ ಕಲೆಗುಂಪೇ ಸೂರ್ಯನ ಅಂಚಿಗೆ ಸರಿದ ಮೇಲೆ ಮೇ 14ರಂದು ಎಕ್ಸ್8.7 ಸಿಡಿಸಿತು, ಆದರೆ ಅದರ ಸಿಎಂಇ ನಮ್ಮತ್ತ ಬರಲಿಲ್ಲ.

ಹಾಗಾಗಿ ಸಂಜೆ ಮೊದಲು ತೆರೆಯಬೇಕಾದ್ದು ಎಲ್1 ಬಿಂದುವಿನ ಉಪಗ್ರಹಗಳ ಮಾಪನ. ಆ ಬಿಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರ, ಭಾರತದ ಸೌರ ಉಪಗ್ರಹ ಆದಿತ್ಯ-ಎಲ್1 ಇರುವುದೂ ಅದರ ಸುತ್ತಲೇ. ಸೌರಗಾಳಿ, ಅಂದರೆ ಸೂರ್ಯನಿಂದ ಹರಿದು ಬರುವ ಕಣಗಳ ಪ್ರವಾಹ, ಸೆಕೆಂಡಿಗೆ 400 ಕಿ.ಮೀ. ಇದ್ದರೆ ಒಂದು ಗಂಟೆಯ ಮುನ್ಸೂಚನೆ ಸಿಗುತ್ತದೆ, 800 ಇದ್ದರೆ ಅರ್ಧ ಗಂಟೆ ಮಾತ್ರ. ಅಲ್ಲಿ ಬಿಝಡ್ ನೋಡಿ, ಅದು ಸೌರಗಾಳಿಯ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಅಂಶ. ಅದು ಮೈನಸ್‌ನಲ್ಲಿದ್ದರೆ ಗಾಳಿಯ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆ, ಭೂಮಿಯ ಕಾಂತಕ್ಷೇತ್ರಕ್ಕೆ ಬೆಸೆದುಕೊಂಡು ಶಕ್ತಿ ಒಳಗೆ ಬರುತ್ತದೆ. ಟ್ರೊಮ್ಸೊಗೆ ಮೈನಸ್ 5 ನ್ಯಾನೊಟೆಸ್ಲಾ ಅರ್ಧ ಗಂಟೆ ನಿಂತರೂ ಸಾಕು. ಐದು ನಿಮಿಷ ಮೈನಸ್ 12ಕ್ಕೆ ಇಳಿದು ಮತ್ತೆ ಪ್ಲಸ್‌ಗೆ ಹಾರಿದರೆ ಅದನ್ನು ನಂಬಿ ಬಸ್ ಹೊರಡಿಸಬೇಡಿ.

ಕೆಪಿ ಸೂಚ್ಯಂಕದ ಬಗ್ಗೆ ಜನರಿಗೆ ಅತಿಯಾದ ಭಕ್ತಿ. ಅದು ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ, ಇಡೀ ಭೂಮಿಯ ಮೂರು ಗಂಟೆಯ ಲೆಕ್ಕ. ಇಲ್ಲಿ ಕೆಪಿ 2ರಲ್ಲೂ ನೆತ್ತಿಯ ಮೇಲೆ ಹಸಿರು ಪರದೆ ಆಡುತ್ತದೆ. ರಾತ್ರಿ ನಮಗೆ ಉಪಯೋಗಕ್ಕೆ ಬರುವುದು ಸ್ಥಳೀಯ ಮ್ಯಾಗ್ನೆಟೋಮೀಟರ್, ಅಂದರೆ ಇಲ್ಲಿಯ ಕಾಂತಕ್ಷೇತ್ರ ಅಳೆಯುವ ಉಪಕರಣ: ಅದರ ಗೆರೆ ಕೆಲವೇ ನಿಮಿಷದಲ್ಲಿ 200–300 ನ್ಯಾನೊಟೆಸ್ಲಾ ಕುಸಿದರೆ ಎಲ್ಲರನ್ನೂ ಕೂಡಲೇ ಹೊರಗೆ ಕರೆಯಿರಿ. ಜೋರಾದ ಕುಣಿತ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿದುಹೋಗಬಹುದು.

ಇಷ್ಟೆಲ್ಲ ಸರಿಯಿದ್ದೂ ಬರಿಗೈಯಲ್ಲಿ ವಾಪಸಾಗುವುದು ಹೆಚ್ಚಾಗಿ ಮೋಡದಿಂದಲೇ. ಮುನ್ಸೂಚನೆಯಲ್ಲಿ ಕೆಳ, ನಡು, ಮೇಲು ಮೋಡಗಳನ್ನು ಬೇರೆಬೇರೆಯಾಗಿ ನೋಡಿ. ತೆಳು ಮೇಲ್ಮೋಡದ ಮೂಲಕ ಹಸಿರು ದಾಟಿ ಬರುತ್ತದೆ, ಕೆಳಮೋಡದಲ್ಲಿ ಏನೂ ಕಾಣದು. ಕರಾವಳಿ ಮುಚ್ಚಿದ್ದರೆ ಸಂಜೆಯೇ ತೀರ್ಮಾನಿಸಿ ಒಳನಾಡಿನ ಸ್ಕಿಬೋಟ್ನ್ ಕಣಿವೆಗೋ, ಇನ್ನೂ ಮುಂದೆ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿಗೋ ಹೊರಡಬೇಕು.

ಕ್ಯಾಮೆರಾಕ್ಕೆ ಐಎಸ್‌ಒ 1600ರಿಂದ 3200, ಎಫ್2.8, 5ರಿಂದ 10 ಸೆಕೆಂಡ್. ಬೆಳಕು ಓಡತೊಡಗಿದರೆ 1–2 ಸೆಕೆಂಡ್. ಫೋಕಸ್ ಅನ್ನು ನಕ್ಷತ್ರದ ಮೇಲೆ ಕೈಯಲ್ಲೇ ಹಿಡಿಯಿರಿ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡುವುದನ್ನು ಹಲವರು ಮರೆಯುತ್ತಾರೆ. ಅರೋರಾದ ಹಸಿರು 557.7 ನ್ಯಾನೊಮೀಟರಿನ ಒಂದೇ ತೆಳು ರೇಖೆ. ಫಿಲ್ಟರ್‌ನ ಎರಡು ಮೈಗಳ ನಡುವೆ ಅದು ಪ್ರತಿಫಲಿಸಿ ಫೋಟೊದ ಮಧ್ಯೆ ಉಂಗುರಗಳನ್ನು ಮೂಡಿಸುತ್ತದೆ. ಆಮೇಲೆ ಅವನ್ನು ಅಳಿಸುವುದು ಬಹಳ ಕಷ್ಟ. ಒಳಗೆ ಬರುವ ಮುಂಚೆ ಕ್ಯಾಮೆರಾವನ್ನು ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಇಲ್ಲವಾದರೆ ಬೆಚ್ಚಗಿನ ಗಾಳಿ ತಗುಲಿ ನೀರು ಕೂರುತ್ತದೆ.

ಇಷ್ಟು ದೂರ ಬರಲಾಗದವರು ಲಡಾಖ್ ಬಗ್ಗೆ ಕೇಳುತ್ತಾರೆ. 2024ರ ಮೇ 10–11ರ ರಾತ್ರಿ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಕೆಂಪು ಬೆಳಕನ್ನು ಹಿಡಿದವು. ಅದಕ್ಕಾಗಿ ತಿಂಗಳ ಮೊದಲೇ ಟಿಕೆಟ್ ಮಾಡಿಸಬೇಡಿ. ಅಂಥದ್ದಕ್ಕೆ ಸಾಮಾನ್ಯವಾಗಿ ಜಿ4, ಜಿ5 ಬಿರುಗಾಳಿಯೇ ಬೇಕು. ಬಿರುಗಾಳಿಯ ದಿನ ಅಲ್ಲಿಯೇ ಇದ್ದರೆ ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿ, ದಿಗಂತ ಚೌಕಟ್ಟಿನ ಕೆಳಗೆ ಬರುವಂತೆ ಇಟ್ಟು, 15–20 ಸೆಕೆಂಡಿನ ಫೋಟೊಗಳನ್ನು ತೆಗೆಯುತ್ತ ಹೋಗಿ. ಆ ಕೆಂಪು ಬರಿಗಣ್ಣಿಗೆ ಕಾಣದೆಯೂ ಫೋಟೊದಲ್ಲಿ ಬಂದಿರಬಹುದು.